ಕಡು ಹಸಿರು ಚೌಕ

ನನ್ನ ಗಂಡನ ಹುಡುಕಾಟ ಮುಗಿದದ್ದು ಹನ್ನೊಂದನೆಯ ದಿನ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ. ಯಂತ್ರ ಹಾಗೆ ಹೇಳಿತು. ಹಾಗೆ ಹೇಳುವುದನ್ನು ಯಂತ್ರಕ್ಕೆ ಕಲಿಸಿದವಳು ನಾನು.

ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದುವಾಗ ನಾನು ಎತ್ತಿಕೊಂಡ ಪ್ರಶ್ನೆ ಚಿಕ್ಕದಿತ್ತು: ಒಂದು ಜಾಗವನ್ನು ಪೂರ್ತಿ ಹುಡುಕಿದ್ದೇವೆ ಎಂದು ಯಾವಾಗ ಹೇಳಬಹುದು? ಪೊಲೀಸರನ್ನು ಕೇಳಿದರೆ, ಸಾಹೇಬರು ಸಾಕು ಅಂದಾಗ ಎನ್ನುತ್ತಿದ್ದರು. ಕಳೆದುಕೊಂಡವರನ್ನು ಕೇಳಿದರೆ, ಸಿಕ್ಕಾಗ ಎನ್ನುತ್ತಿದ್ದರು. ಇವೆರಡರ ನಡುವೆ ನಾನು ಒಂದು ಅಂಕಿಯನ್ನು ಇಟ್ಟೆ.

ನೆಲವನ್ನು ಒಂದೊಂದು ಮೀಟರಿನ ಚೌಕಗಳಾಗಿ ಭಾಗ ಮಾಡಬೇಕು. ಹುಡುಕುವವರ ಬೂಟಿನ ಅಡಿಯಲ್ಲಿ ಒಂದು ಬಿಲ್ಲೆ, ಹಣೆಗೆ ಒಂದು ಪಟ್ಟಿ. ಬಿಲ್ಲೆ ಕಾಲು ಯಾವ ಚೌಕದಲ್ಲಿದೆ ಎಂದು ಹೇಳುತ್ತದೆ, ಪಟ್ಟಿ ಕಣ್ಣು ಸುತ್ತಲಿನ ಯಾವ ಚೌಕದ ನೆಲದ ಮೇಲಿದೆ ಎಂದು ಹೇಳುತ್ತದೆ. ಒಬ್ಬರು ಒಮ್ಮೆ ನೋಡಿದರೆ ಆ ಚೌಕದ ಮೇಲಿನ ಅನುಮಾನ ಅರ್ಧವಾಗುತ್ತದೆ. ಇನ್ನೊಬ್ಬರು ನೋಡಿದರೆ ಉಳಿದ ಅರ್ಧದಲ್ಲಿ ಅರ್ಧ. ಆರು ಜನ ನೋಡಿದರೆ ಶೇಕಡ ತೊಂಬತ್ತೆಂಟು ಖಾತ್ರಿ. ಆಗ ಪರದೆಯ ಮೇಲಿನ ಕೆಂಪು ಚೌಕ ಹಸಿರಾಗುತ್ತದೆ. ಇನ್ನೂ ಹೆಚ್ಚು ಜನ ನೋಡಿದರೆ ಕಡು ಹಸಿರು.

ಹುಡುಕುವವರ ಕೈಯಲ್ಲಿ ನೆಲಕ್ಕೆ ಚುಚ್ಚುವ ಕಬ್ಬಿಣದ ಕೋಲಿರುತ್ತದೆ. ಅದರ ತುದಿಗೂ ಒಂದು ಬಿಲ್ಲೆ ಬೇಕೆಂದು ನಾನು ಬರೆದಿದ್ದೆ. ಖರೀದಿ ಸಮಿತಿ ಅದನ್ನು ಹೊಡೆದುಹಾಕಿತು. ಕೋಲು ಹಿಡಿದು ನೆಲ ನೋಡುತ್ತ ನಿಂತವನು ಚುಚ್ಚದೆ ಸುಮ್ಮನಿರುತ್ತಾನೆಯೇ ಎಂದು ಕೇಳಿದರು. ನಾನೂ ಒಪ್ಪಿದೆ.

ಎರಡು ವರ್ಷದಲ್ಲಿ ಅದು ಕಾಯ್ದೆಯಾಯಿತು. ಪೂರ್ತಿ ಹಸಿರಾದ ನೆಲವನ್ನು ಮತ್ತೆ ಹುಡುಕುವಂತಿಲ್ಲ. ಸಿಗದವರು ತೀರಿಕೊಂಡರೆಂದೇ ಲೆಕ್ಕ. ಮನೆಯವರಿಗೆ ನಕ್ಷೆಯ ಪ್ರತಿ ಕೊಡುತ್ತಾರೆ. ಜನ ಬೇಗ ಹೊಂದಿಕೊಂಡರು. ನಕ್ಷೆಗೆ ಕಟ್ಟು ಹಾಕಿಸಿ ಫೋಟೋದ ಪಕ್ಕ ನೇತುಹಾಕಿದರು. ಹೂವಿನ ಹಾರ ಎರಡಕ್ಕೂ. ಹಸಿರಾದ ದಿನದಿಂದ ದಿನ ಎಣಿಸಿ ಕರ್ಮ ಮಾಡಿದರು. ಬಸ್ಸಿನಲ್ಲಿ ಹೆಂಗಸರು, ‘ಅವರ ಮನಿದು ಹಸರಾತಂತ’ ಎಂದು ಪಿಸುಗುಟ್ಟುವುದನ್ನು ನಾನೇ ಕೇಳಿದ್ದೇನೆ.

ಆಮೇಲೆ ನಮ್ಮದೂ ಆಯಿತು.

ನನ್ನ ಗಂಡ ಅಮರೇಶ ಹೊಸಗುಡ್ಡದ ವಿದ್ಯುತ್ ಸ್ಥಾವರದಲ್ಲಿ ಪಾಳಿ ಎಂಜಿನಿಯರ್. ಕಲ್ಲಿದ್ದಲು ಸುಟ್ಟ ಬೂದಿಯನ್ನು ನೀರಿನಲ್ಲಿ ಕಲಸಿ ದೊಡ್ಡ ಕೆರೆಯಂಥ ಹೊಂಡಕ್ಕೆ ಬಿಡುತ್ತಾರೆ. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಆ ಹೊಂಡದ ಒಡ್ಡು ಒಡೆಯಿತು. ಅದಕ್ಕೆ ಎಂಟು ನಿಮಿಷ ಮೊದಲು ಅವರು ಫೋನ್ ಮಾಡಿದ್ದರು.

“ನೀಲಾ, ಒಡ್ಡು ಜಿನುಗ್ಲಿಕ್ಕೆ ಹತ್ಯದ. ವಾಲ್ವ್ ಮನ್ಯಾಗ ತಿಪ್ಪಣ್ಣ ಒಬ್ಬನೇ ಇದ್ದಾನ. ಕರಕೊಂಡು ಬರ್ತೀನಿ. ಚಾ ಇಡು.”

ನಾನು ಚಹಾ ಇಟ್ಟೆ.

ಬೂದಿ ನೀರು ಹನ್ನೊಂದು ಜನರನ್ನು ಎಳೆದುಕೊಂಡಿತು. ಒಂಬತ್ತು ಜನ ಸಿಕ್ಕರು. ಅಮರೇಶ, ತಿಪ್ಪಣ್ಣ ಇಬ್ಬರೂ ಸಿಗಲಿಲ್ಲ. ನಲವತ್ತೊಂದು ಸಾವಿರ ಚೌಕಗಳು ಹನ್ನೊಂದು ದಿನದಲ್ಲಿ ಹಸಿರಾದವು.

ನಾನು ಅಳಲಿಲ್ಲ. ವಿಶ್ವವಿದ್ಯಾಲಯದ ಕೆಲಸ ಬಿಟ್ಟು ಪೊಲೀಸ್ ತರಬೇತಿ ಶಾಲೆಯಲ್ಲಿ ಹುಡುಕುವ ಕ್ರಮವನ್ನು ಕಲಿಸಲು ಸೇರಿಕೊಂಡೆ.  ನನಗೆ ಬರುತ್ತಿದ್ದದ್ದು ಅದೊಂದೇ ಕೆಲಸ.

*

ಮೂರನೆಯ ತಂಡದಲ್ಲಿ ನಲವತ್ತು ಜನರಿದ್ದರು. ಎಲ್ಲರಿಗಿಂತ ಹಿರಿಯರು ಹೆಡ್ ಕಾನ್‌ಸ್ಟೇಬಲ್ ಹುಸೇನಸಾಬ್. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಹಣೆಪಟ್ಟಿಯನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು ನೋಡಿದರು.

“ಮೇಡಂ, ನಾವು ಮೂವತ್ತು ವರ್ಷ ಹುಡುಕೀವ್ರಿ. ಕಳ್ಳನ್ನ ಹುಡುಕೀವಿ, ಎಮ್ಮಿ ಹುಡುಕೀವಿ, ಮಂತ್ರಿ ಚಪ್ಪಲಿ ಸೈತ ಹುಡುಕೀವಿ. ಹಣಿಗಿ ಹಿಂಥಾದ್ದು ಕಟಿಗೊಂಡು ಹುಡುಕಿಲ್ರಿ.”

“ಸಾಬಣ್ಣ, ಚಪ್ಪಲಿ ಸಿಕ್ತೇನು?” ಹಿಂದಿನಿಂದ ಕೇಳಿದವಳು ಕಾನ್‌ಸ್ಟೇಬಲ್ ರೇಣವ್ವ.

“ಒಂದು ಸಿಕ್ತವ್ವ. ಇನ್ನೊಂದರ ಫೈಲು ಇನ್ನಾ ಓಪನ್ ಅದ.”

ಎಲ್ಲರೂ ನಕ್ಕರು. ನಾನು ನಗುವವರೆಗೆ ಕಾದು ನೋಡಿದರು. ಆಮೇಲೆ ಸಾಲಾಗಿ ನಿಂತರು.

ಸಾಲು ನಡಿಗೆಯೇ ಮೊದಲ ಪಾಠ. ಇಬ್ಬರ ನಡುವೆ ಒಂದು ತೋಳಿನ ಅಂತರ. ಒಂದು ಹೆಜ್ಜೆ, ಒಂದು ಚುಚ್ಚು, ಎಡಕ್ಕೆ ನೋಟ, ಬಲಕ್ಕೆ ನೋಟ, ಮತ್ತೆ ಹೆಜ್ಜೆ. ಒಬ್ಬರು ನಿಂತರೆ ಸಾಲೆಲ್ಲ ನಿಲ್ಲಬೇಕು. ಅಡ್ಡ ಬಂದದ್ದನ್ನು ಸುತ್ತಿಕೊಂಡು ಹೋಗಬಾರದು, ಸರಿಸಿಯೇ ಹೋಗಬೇಕು. ಬಂಡಿ ಇದ್ದರೆ ಬಂಡಿಯನ್ನು, ಹುಲ್ಲಿನ ಬಣವೆ ಇದ್ದರೆ ಬಣವೆಯನ್ನು. ಇದನ್ನು ನಾನು ಕಪ್ಪು ಹಲಗೆಯ ಮೇಲೆ ದೊಡ್ಡದಾಗಿ ಬರೆದು ಅಡಿಗೆರೆ ಎಳೆಯುತ್ತಿದ್ದೆ: ಸುತ್ತಬೇಡಿ, ಸರಿಸಿ.

ಅಭ್ಯಾಸಕ್ಕೆ ಮೈದಾನದಲ್ಲಿ ಹನ್ನೆರಡು ವಸ್ತುಗಳನ್ನು ಹೂತಿಡುತ್ತಿದ್ದೆ. ಅಂಗಿಯ ಗುಂಡಿ, ಬಳೆಯ ಚೂರು, ಹಿತ್ತಾಳೆಯ ಕೀಲಿಕೈ, ಅಂಥವು. ಹಿಂದಿನ ಎರಡು ತಂಡಗಳು ಹನ್ನೆರಡನ್ನೂ ಹುಡುಕಿದ್ದವು.

ಮೂರನೆಯ ತಂಡದ ಅಭ್ಯಾಸ ನೋಡಲು ಶಾಲೆಯ ಮುಖ್ಯಸ್ಥ ಎಸ್‌ಪಿ ಚಿನ್ನಸ್ವಾಮಿ ಬಂದರು. ಕೊಳ್ಳೇಗಾಲದ ಕಡೆಯವರು. ಮೆತ್ತಗೆ ಮಾತಾಡುವ ಮನುಷ್ಯ. ಆರ್ಡರ್ಲಿ ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿದ. ನಲವತ್ತು ಜನ ಸುತ್ತ ನಿಂತರು. ಸಾಹೇಬರು ಇಪ್ಪತ್ತು ನಿಮಿಷ ಕರ್ತವ್ಯದ ಬಗ್ಗೆ ಮಾತಾಡಿದರು. ಆಮೇಲೆ ಹುಡುಕಾಟ ನಡೆಯಿತು. ಎರಡು ಗಂಟೆಯಲ್ಲಿ ಪರದೆ ಪೂರ್ತಿ ಹಸಿರಾಯಿತು. ವಸ್ತುಗಳು ಸಿಕ್ಕದ್ದು ಹನ್ನೊಂದು.

“ವೆರಿ ಗುಡ್,” ಎಂದು ಸಾಹೇಬರು ಹೊರಟರು.

ಕೀಲಿಕೈ ಸಿಕ್ಕಿರಲಿಲ್ಲ. ನಾನು ಇಟ್ಟ ಜಾಗ ನನಗೆ ಗೊತ್ತಿತ್ತು. ಹೋಗಿ ನೋಡಿದೆ. ಅದರ ಮೇಲೆ ಕುರ್ಚಿ ಇತ್ತು. ಪರದೆಯಲ್ಲಿ ಆ ಚೌಕ ಇಡೀ ಮೈದಾನದಲ್ಲೇ ಅತ್ಯಂತ ಕಡು ಹಸಿರಾಗಿತ್ತು. ಖಾತ್ರಿ ಶೇಕಡ ನೂರು.

“ಹುಸೇನಸಾಬ್ರೆ, ಕುರ್ಚಿ ಕೆಳಗೆ ಯಾಕೆ ನೋಡಲಿಲ್ಲ?”

ಅವರು ನನ್ನನ್ನು ಮಗುವನ್ನು ನೋಡುವಂತೆ ನೋಡಿದರು.

“ಸಾಹೇಬ್ರು ಕುಂತಿದ್ರಲ್ರಿ.”

“ಸುತ್ತಬೇಡಿ, ಸರಿಸಿ ಅಂತ ಹೇಳಿದ್ದೆ.”

“ಬಂಡಿ ಸರಿಸಬೌದ್ರಿ, ಬಣವಿ ಸರಿಸಬೌದು. ಎಸ್‌ಪಿ ಸಾಹೇಬ್ರಿಗೆ ಎದ್ದೇಳ್ರಿ ಅಂತ ಯಾವ ಮಗ ಹೇಳ್ತಾನ್ರಿ?”

“ಮತ್ತೆ ಈ ಚೌಕ ಹಸಿರಾದದ್ದು ಹೇಗೆ? ಇಲ್ಲಿ ಯಾರೂ ನೆಲ ನೋಡಿಲ್ಲ.”

ರೇಣವ್ವ ಮೆಲ್ಲಗೆ ಹೇಳಿದಳು. “ನೋಡೀವ್ರಿ ಮೇಡಂ. ಸಾಹೇಬ್ರು ಮಾತಾಡೂ ಮುಂದ ಎಲ್ಲಾರೂ ನೆಲಾನೇ ನೋಡಿಕೋತ ನಿಂತಿದ್ವಿ. ಮತ್ತ ಅವರ ಮಾರಿ ನೋಡ್ಕೋತ ನಿಂದ್ರಲಿಕ್ಕಾಗ್ತದೇನ್ರಿ?”

ಕೈಯಲ್ಲಿ ಕೋಲು ಇತ್ತು. ಕಾಲು ಚೌಕದ ಪಕ್ಕದಲ್ಲೇ ಇತ್ತು. ಕಣ್ಣು ನೆಲದ ಮೇಲಿತ್ತು. ತಲೆ ತಗ್ಗಿಸಿ ನಿಂತದ್ದನ್ನು ಯಂತ್ರ ಹುಡುಕಾಟವೆಂದು ಓದಿತ್ತು.

ಯಂತ್ರವನ್ನು ನಾನು ಪರೀಕ್ಷೆ ಮಾಡಿದ್ದು ನನ್ನ ಎಂಎಸ್‌ಸಿ ವಿದ್ಯಾರ್ಥಿಗಳ ಜೊತೆ. ಅವರು ಯಾರ ಮುಂದೆಯೂ ತಲೆ ತಗ್ಗಿಸುವವರಲ್ಲ. ನೆಲ ನೋಡಿದರೆ ಹುಡುಕಲೆಂದೇ ನೋಡುತ್ತಿದ್ದರು.

ಆಗ ನನಗೆ ನೆನಪಾಯಿತು. ಹೊಸಗುಡ್ಡದಲ್ಲಿ ಒಂದು ಶಾಮಿಯಾನ ಇತ್ತು.

*

ನಿಯಂತ್ರಣ ಕೊಠಡಿಯಲ್ಲಿ ಎಲ್ಲ ಹುಡುಕಾಟಗಳ ದಾಖಲೆ ಇರುತ್ತದೆ. ಮೂರು ವರ್ಷದಲ್ಲಿ ನಾನು ಹೊಸಗುಡ್ಡದ ಕಡತವನ್ನು ತೆರೆದಿರಲಿಲ್ಲ. ಅಂದು ತೆರೆದೆ.

ದಾಖಲೆ ಹೀಗಿತ್ತು. ಮೊದಲ ದಿನ ಬೆಳಿಗ್ಗೆ ಎಂಟಕ್ಕೆ, ಹುಡುಕಾಟ ಶುರುವಾಗುವ ಮೊದಲೇ, ವಾಲ್ವ್ ಮನೆಯಿಂದ ಬರುವ ದಾರಿಯ ಎತ್ತರದ ಜಾಗಕ್ಕೆ ಲಾರಿಗಳಲ್ಲಿ ಕಲ್ಲು ಬೆರೆತ ಕೆಂಪು ಗರಸು ಮಣ್ಣು ತಂದು ಹರವಿದರು. ಬೂದಿಯ ಕೆಸರು ಅಲ್ಲಿ ಬೇರೆಡೆಗಿಂತ ಕಡಿಮೆ ಇತ್ತು, ವಾಹನ ನಿಲ್ಲಲು ಬೇರೆ ಗಟ್ಟಿ ನೆಲ ಇರಲಿಲ್ಲ. ಮಂತ್ರಿಗಳು ಬರುವವರಿದ್ದರು. ಗರಸಿನ ಮೇಲೆ ಶಾಮಿಯಾನ ಎದ್ದಿತು. ಇಪ್ಪತ್ತು ಮೀಟರ್ ಉದ್ದ, ಹದಿನೈದು ಅಗಲ. ಮುನ್ನೂರು ಚೌಕ. ಸಾಲುಗಳೆಲ್ಲ ಶಾಮಿಯಾನದ ಅಂಚಿನಿಂದ ಆರಂಭವಾಗಿ ಆಚೆಗೆ ಹೋಗಿದ್ದವು. ಒಂದು ಸಾಲೂ ಅದನ್ನು ಹಾದಿರಲಿಲ್ಲ.

ಆ ಮುನ್ನೂರೂ ಕಡು ಹಸಿರು. ಹನ್ನೊಂದು ದಿನ ಅಧಿಕಾರಿಗಳು ಅಲ್ಲಿ ಕುಳಿತಿದ್ದರು. ಹನ್ನೊಂದು ದಿನ ಪೇದೆಗಳು ಹಣೆಪಟ್ಟಿ ಕಟ್ಟಿಕೊಂಡು, ಕೋಲು ಹಿಡಿದು, ಅವರ ಮುಂದೆ ತಲೆ ತಗ್ಗಿಸಿ ನಿಂತು ವರದಿ ಒಪ್ಪಿಸಿದ್ದರು.

ಪ್ರವಾಹ ಬಂದಾಗ ಓಡುವವರು ಎತ್ತರದ ಕಡೆಗೆ ಓಡುತ್ತಾರೆ. ಇದಕ್ಕೆ ಸಂಖ್ಯಾಶಾಸ್ತ್ರ ಬೇಕಾಗಿಲ್ಲ.

ಯಾವ ಪಟ್ಟಿ ಎಷ್ಟು ಹೊತ್ತು ಆ ನೆಲವನ್ನು ನೋಡಿತು ಎಂಬ ವಿವರವನ್ನೂ ತೆಗೆದೆ. ಎಲ್ಲಕ್ಕಿಂತ ಮೇಲೆ ಪಟ್ಟಿ ಸಂಖ್ಯೆ ಒಂದು ಇತ್ತು. ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಒಂದೇ ಚೌಕ.

ಪಟ್ಟಿ ಸಂಖ್ಯೆ ಒಂದು ನನ್ನದು. ಯಂತ್ರ ಮಾಡಿದವಳೆಂದು ನನ್ನನ್ನು ಕರೆಸಿದ್ದರು. ಕಳೆದುಹೋದವನ ಹೆಂಡತಿಯೆಂದು ಮಂತ್ರಿಗಳ ಎದುರು ನಿಲ್ಲಿಸಿದ್ದರು. ಯಾರೋ ಹೆಂಗಸರು ಬೆನ್ನು ಸವರಿ, ಸೆರಗು ಸರಿ ಮಾಡಿ, ತಲೆ ತಗ್ಗಿಸು ತಾಯಿ ಎಂದಿದ್ದರು. ತಗ್ಗಿಸಿದ್ದೆ.

*

ನಮ್ಮ ನಕ್ಷೆ ಅಡುಗೆಮನೆಗೆ ಹೋಗುವ ಬಾಗಿಲ ಪಕ್ಕದಲ್ಲಿತ್ತು. ಅತ್ತೆ ದಿನವೂ ಅದರ ಧೂಳು ಒರೆಸುತ್ತಿದ್ದರು. ಅಂದು ನಾನು ಅದರ ಮುಂದೆ ನಿಂತದ್ದನ್ನು ನೋಡಿ ಜೋಳದ ಹಿಟ್ಟಿನ ಕೈಯಲ್ಲೇ ಬಂದರು.

“ಇಲ್ಲಿ ನೋಡು, ಇಲ್ಲಿ ಭಾಳ ಹಸರು ಅದ. ಇಲ್ಲಿ ಭಾಳ ಜೀವ ಇಟ್ಟು ಹುಡುಕ್ಯಾರ ಅಂತ ನಾ ದಿನಾ ಇಲ್ಲೇ ಕೈ ಮುಗೀತೀನಿ.” ಅವರು ಬೆರಳಿಟ್ಟದ್ದು ಶಾಮಿಯಾನದ ಚೌಕಗಳ ಮೇಲೆ. ಗಾಜಿಗೆ ಹಿಟ್ಟು ಅಂಟಿತು.

“ಅತ್ತಿ, ಅಲ್ಲಿ ಹುಡುಕಿಲ್ಲ.”

ನಾನು ಎಲ್ಲವನ್ನೂ ಹೇಳಿದೆ. ಅತ್ತೆ ಮೂರನೆಯ ಇಯತ್ತೆ ಓದಿದವರು. ಒಂದೇ ಸಲಕ್ಕೆ ಅರ್ಥವಾಯಿತು. ಧಾರವಾಡದಲ್ಲಿ ನನ್ನ ಪರೀಕ್ಷಕರಿಗೆ ಯಂತ್ರವನ್ನು ಅರ್ಥ ಮಾಡಿಸಲು ಎರಡು ದಿನ ಹಿಡಿದಿತ್ತು.

“ಮೂರು ವರ್ಷ ಸುಳ್ಳ ಕಾಗದಕ್ಕ ಹೂ ಏರಿಸೀನಿ?”

“ಹೂಂ.”

ಅವರು ನಕ್ಷೆಯನ್ನು ಮೊಳೆಯಿಂದ ಇಳಿಸಿದರು. “ಒಲಿಗೆ ಹಾಕ್ಲೇನು?”

“ಬ್ಯಾಡ. ಬೇಕಾಗ್ತದ.”

“ಮತ್ತ ಹೋಗು, ಹುಡುಕು. ರೊಟ್ಟಿ ಕಟ್ಟಿಕೊಡ್ತೀನಿ.”

*

ಎಸ್‌ಪಿ ಚಿನ್ನಸ್ವಾಮಿ ಪರದೆಯನ್ನು ಬಹಳ ಹೊತ್ತು ನೋಡಿದರು. ಮೊದಲ ದಿನ ಹೊಸಗುಡ್ಡದಲ್ಲಿ ಅವರೂ ಇದ್ದರು.

“ಗರಸು ಹಾಕಿಸಿದ್ದು ನಾನೇ ಮೇಡಂ. ಕಾರು ಹೂತುಹೋಗ್ಬಾರ್ದು ಅಂತ.”

“ಗೊತ್ತು. ದಾಖಲೆಯಲ್ಲಿದೆ.”

“ಗುರುವಾರದಿಂದ ಆ ನೆಲಕ್ಕೆ ಪ್ಲಾಸ್ಟಿಕ್ ಹಾಸಿ ಕಾಂಕ್ರೀಟ್ ಹಾಕ್ತಾರೆ. ಮೇಲೆ ಸೋಲಾರ್ ಫಲಕ ಬರುತ್ತೆ. ಎಲ್ಲ ತೀರ್ಮಾನ ಆಗಿದೆ.”

“ಅದಕ್ಕೇ ಇವತ್ತು ಬಂದೆ. ಇವತ್ತು ಸೋಮವಾರ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೋಡಿ, ಹಸಿರಾದದ್ದನ್ನ ತೆಗೆಯೋಕೆ ಕಾಯ್ದೇಲಿ ಅವಕಾಶ ಇಲ್ಲ. ಒಂದು ಕಡೆ ತೆಗೆದ್ರೆ ಏನಾಗುತ್ತೆ? ಎಲ್ಲ ಹುಡುಕಾಟದಲ್ಲೂ ಒಂದು ಶಾಮಿಯಾನ ಇತ್ತು. ನಾಳೆ ನಾಲ್ಕು ಸಾವಿರ ಮನೆಯವರು ನಕ್ಷೆ ಹಿಡ್ಕೊಂಡು ಬಂದು ನಿಲ್ತಾರೆ.”

“ನಿಲ್ಲಲಿ.”

“ನೀವು ದುಃಖದಲ್ಲಿದ್ದೀರಿ. ನನಗೆ ಅರ್ಥ ಆಗುತ್ತೆ.”

“ಇಲ್ಲ ಸರ್. ದುಃಖ ಮೂರು ವರ್ಷದ ಹಿಂದೆ ಬರಬೇಕಿತ್ತು. ಬರಲಿಲ್ಲ. ಈಗ ಬಂದಿರುವುದು ಬೇರೆ.”

 ನಾನು ತರಬೇತಿಯ ನಿಯಮ ಪುಸ್ತಕವನ್ನು ತೆರೆದು ಅವರ ಮುಂದಿಟ್ಟೆ. ಅಂತಿಮ ಪರೀಕ್ಷೆಯ ನೆಲವನ್ನು ಬೋಧಕರೇ ಆರಿಸತಕ್ಕದ್ದು. ಕೆಳಗೆ ಅವರದೇ ಸಹಿ ಇತ್ತು.

“ಬುಧವಾರ ಮೂರನೆಯ ತಂಡಕ್ಕೆ ಅಂತಿಮ ಪರೀಕ್ಷೆ,” ಎಂದೆ. “ನೆಲ, ಹೊಸಗುಡ್ಡ. ಇದು ಹುಡುಕಾಟವಲ್ಲ. ಅಭ್ಯಾಸ.”

“ಮೇಡಂ, ನಾನು ಇದಕ್ಕೆ ಬೇಡ ಅಂತಿದ್ದೀನಿ.”

“ಬರೆದು ಕೊಡಿ ಸರ್.”

ಅವರು ಪೆನ್ನು ತೆಗೆದುಕೊಂಡರು. ಕಾಗದವನ್ನೂ ಎಳೆದುಕೊಂಡರು. ನಾನು ಕಾಲು ಗಂಟೆ ನಿಂತಿದ್ದೆ. ಅವರು ಏನನ್ನೂ ಬರೆಯಲಿಲ್ಲ.

ಮಂಗಳವಾರ ತಂಡಕ್ಕೆ ವಿಷಯ ಹೇಳಿದೆ. ಮುಚ್ಚಿಡಲಿಲ್ಲ. ಬಂದರೆ ನೋಟಿಸ್ ಬರಬಹುದು, ಅಮಾನತು ಆಗಬಹುದು, ಬರದವರಿಗೂ ನಾನು ಪಾಸು ಕೊಡುತ್ತೇನೆ ಎಂದೆ.  ಹುಸೇನಸಾಬ್ ಹಣೆಯನ್ನು ಉಜ್ಜಿಕೊಂಡರು.

“ಹೊಸಗುಡ್ಡಕ್ಕ ನಾನೂ ಬಂದಿದ್ನ್ರಿ ಮೇಡಂ. ಶಾಮಿಯಾನದ ಡ್ಯೂಟಿ. ಹನ್ನೊಂದೂ ದಿನ.” ಸ್ವಲ್ಪ ತಡೆದು ಕೇಳಿದರು. “ಬಸ್ಸು ಎಷ್ಟಕ್ಕ ಹೊಂಡ್ತದ್ರಿ?”

*

ಬುಧವಾರ ಬೆಳಿಗ್ಗೆ ಏಳಕ್ಕೆ ಹೊಸಗುಡ್ಡದ ಗೇಟಿನ ಮುಂದೆ ಇಳಿದೆವು. ಒಳಗೆ ಹೋಗಲು ನನ್ನಲ್ಲಿ ಅನುಮತಿ ಪತ್ರ ಇರಲಿಲ್ಲ. ಕಾವಲುಗಾರ ನಲವತ್ತು ಪೊಲೀಸರನ್ನು ನೋಡಿ ಸಲ್ಯೂಟ್ ಹೊಡೆದು, ತಲೆ ತಗ್ಗಿಸಿ ಗೇಟು ತೆರೆದ. ಆ ತಲೆ ತಗ್ಗಿಸುವಿಕೆಯಿಂದ ನಮಗೂ ಒಮ್ಮೆ ಉಪಯೋಗವಾಯಿತು.

ಗೇಟಿನ ಪಕ್ಕ ಚಹಾದ ಅಂಗಡಿ ಇಟ್ಟುಕೊಂಡವಳು ದುರುಗವ್ವ, ತಿಪ್ಪಣ್ಣನ ಹೆಂಡತಿ. ಹಸಿರು ನಕ್ಷೆಯನ್ನು ಕೊಡಲು ಬಂದವರನ್ನು ಬಾಗಿಲಿನಿಂದಲೇ ಕಳಿಸಿದ್ದಳು. ಅವಳ ಹಣೆಯಲ್ಲಿ ಕುಂಕುಮ ಇತ್ತು.

“ಏನಕ್ಕ, ಮತ್ತ ಯಾರರೆ ಸತ್ರೇನು?” ಎಂದಳು.

“ಇಲ್ಲ ದುರುಗವ್ವ. ಹುಡುಕ್ಲಿಕ್ಕೆ ಬಂದೀವಿ. ನಮ್ಮಿಬ್ಬರ ಮಂದೀನ.”

ಅವಳು ಸ್ಟವ್ ಆರಿಸಿದಳು. ಕೆಟಲನ್ನು ಮುಚ್ಚಿಟ್ಟಳು. ನಮ್ಮ ಹಿಂದೆ ನಡೆದಳು.

ಹಣೆಪಟ್ಟಿಗಳನ್ನು ಬಸ್ಸಿನಲ್ಲೇ ಬಿಡಿಸಿದ್ದೆ. ಕಣ್ಣು, ಕೋಲು, ಗುದ್ದಲಿ, ಹಾರೆ ಮಾತ್ರ. ನೆಲ ಬೂದು ಬಣ್ಣಕ್ಕೆ ಒಣಗಿ ಬಿರಿದಿತ್ತು. ನಡುವೆ ಗರಸಿನ ಕೆಂಪು ತೇಪೆ. ಒಂದು ಪಕ್ಕದಲ್ಲಿ ಪ್ಲಾಸ್ಟಿಕ್ ಹಾಳೆಯ ಸುರುಳಿಗಳು ಬಂದು ಬಿದ್ದಿದ್ದವು. ತೇಪೆಯ ಉತ್ತರದಂಚಿನಿಂದ ಇಪ್ಪತ್ತು ಹೆಜ್ಜೆ ಹಿಂದೆ ಸಾಲು ನಿಂತಿತು. ನಾನು ಸೀಟಿ ಊದಿದೆ. ಒಂದು ಹೆಜ್ಜೆ, ಒಂದು ಚುಚ್ಚು.

ಅರ್ಧ ದಾರಿಯಲ್ಲಿ ಜೀಪಿನ ಸದ್ದು ಕೇಳಿಸಿತು. ಜೀಪು ನೇರವಾಗಿ ಗರಸಿನ ಮೇಲೆ ಬಂದು ನಿಂತಿತು. ಬೇರೆಲ್ಲೂ ಗಟ್ಟಿ ನೆಲ ಇರಲಿಲ್ಲ. ಆರ್ಡರ್ಲಿ ಹಾರಿ ಇಳಿದು, ರೂಢಿಯಂತೆ, ಕುರ್ಚಿ ಬಿಡಿಸಿ ಹಾಕಿದ. ಎಸ್‌ಪಿ ಚಿನ್ನಸ್ವಾಮಿ ಕುಳಿತರು.

ಸಾಲು ಮುಂದೆ ಬಂತು. ಹತ್ತು ಹೆಜ್ಜೆ. ಆರು. ಮೂರು. ಅಲ್ಲಿ ನಿಂತಿತು.

ಯಾರೂ ನಿಲ್ಲಿ ಎಂದಿರಲಿಲ್ಲ. ನಲವತ್ತು ತಲೆಗಳು ಒಂದೊಂದಾಗಿ ತಗ್ಗಿದವು. ಪಟ್ಟಿ ಇದ್ದಿದ್ದರೆ ಆ ಹೊತ್ತಿಗೆ ಆ ನೆಲ ಇನ್ನೊಮ್ಮೆ ಹಸಿರಾಗುತ್ತಿತ್ತು.

“ಮೇಡಂ,” ಎಸ್‌ಪಿ ನನ್ನನ್ನಷ್ಟೇ ನೋಡುತ್ತ ಹೇಳಿದರು. “ಹುಡುಗರನ್ನ ವಾಪಸ್ ಕರ್ಕೊಂಡು ಹೋಗಿ. ಇಲ್ಲೀವರೆಗೂ ಆದದ್ದನ್ನ ನಾನು ನೋಡಿಲ್ಲ ಅಂದ್ಕೊಳ್ತೀನಿ.”

ಸರಿಯಿರಿ ಎಂದು ನಾನೇ ಹೇಳಬಹುದಿತ್ತು. ಹೇಳಬೇಕಾದವಳು ನಾನಲ್ಲ ಅನ್ನಿಸಿತು. ನಾನು ಪಾಠ ಹೇಳಿದವಳು. ಪರೀಕ್ಷೆ ತಂಡದ್ದು.

ಗಾಳಿಗೆ ಬೂದಿ ಎದ್ದಿತು. ಸಾಲಿನ ನಡುವಿನಿಂದ ಒಂದು ತಲೆ ಮೇಲೆದ್ದಿತು.

“ಸಾಹೇಬ್ರ,” ಹುಸೇನಸಾಬ್ ಹೇಳಿದರು. “ಸ್ವಲ್ಪ ಎದ್ದೇಳ್ರಿ.”

“ಏನಂದ್ರಿ?”

“ಎದ್ದೇಳ್ರಿ ಅಂದೆ ಸರ್. ನೀವು ಕುಂತ ಜಾಗ ಹುಡುಕಬೇಕಾಗ್ಯದ. ಹಿಂದ ಒಮ್ಮೆ ಬಿಟ್ಟೀವಿ.”  ಅವರ ಕಣ್ಣು ಸಾಹೇಬರ ಮುಖದ ಮೇಲೇ ಇತ್ತು. “ಮ್ಯಾಲ ಜೀಪೂ ತೆಗಸಬೇಕ್ರಿ.”

ರೇಣವ್ವ ತಲೆ ಎತ್ತಿದಳು. ಅವಳ ಪಕ್ಕದವನೂ ಎತ್ತಿದ. ಸಾಲಿನ ಎರಡೂ ತುದಿಯವರೆಗೆ ಅದು ಹೋಯಿತು. ನಲವತ್ತು ಜನ ಒಬ್ಬ ಎಸ್‌ಪಿಯ ಮುಖವನ್ನು ನೆಟ್ಟಗೆ ನೋಡುವುದನ್ನು ನಾನು ಮೊದಲ ಸಲ ಕಂಡೆ. ಸಾಹೇಬರೂ ಮೊದಲ ಸಲ ಕಂಡಿರಬೇಕು.

ಅವರು ಎದ್ದರು. ಆರ್ಡರ್ಲಿ ಕುರ್ಚಿಗೆ ಕೈ ಹಾಕಲು ಬಂದ. ಅವನನ್ನು ತಡೆದು ತಾವೇ ಕುರ್ಚಿಯನ್ನು ಮಡಿಚಿ ಎತ್ತಿಕೊಂಡು, ಗರಸಿನಿಂದ ಇಳಿದು, ಬೂದಿಯಲ್ಲಿ ಹೋಗಿ ನಿಂತರು. ಹೊಳೆಯುವ ಬೂಟು ಕಣಕಾಲಿನವರೆಗೆ ಹೂತುಹೋಯಿತು. ಜೀಪು ಹಿಂದಕ್ಕೆ ಸರಿಯಿತು.

ನಾನು ಸೀಟಿ ಊದಿದೆ.

ಗರಸು ಗಟ್ಟಿಯಾಗಿತ್ತು. ಮೊದಲು ಹಾರೆ, ಆಮೇಲೆ ಕೋಲು. ಎರಡು ಗಂಟೆಯಲ್ಲಿ ಅರ್ಧ ತೇಪೆ ಮುಗಿಯಿತು. ಹತ್ತೂವರೆಗೆ ರೇಣವ್ವ ಕೈ ಎತ್ತಿದಳು. ಸಾಲೆಲ್ಲ ನಿಂತಿತು. ಕಲ್ಲಿಗೆ ತಗಲಿದರೆ ಕೋಲು ಸದ್ದು ಮಾಡುತ್ತದೆ. ಇದು ಮಾಡಲಿಲ್ಲ.

ಮೊಣಕಾಲಷ್ಟು ತೋಡಿದಾಗ ವಾಲ್ವ್ ತಿರುಗಿಸುವ ದೊಡ್ಡ ಪಾನಾ ಸಿಕ್ಕಿತು. ಅದರ ಕೆಳಗೆ ಒಂದು ತಾಮ್ರದ ಕಡಗ. ದುರುಗವ್ವ ಗುಂಡಿಗೆ ಇಳಿದಳು. ಯಾರೂ ಅವಳನ್ನು ತಡೆಯಲಿಲ್ಲ. ಕಡಗವನ್ನು ಸೆರಗಿನಿಂದ ಒರೆಸಿ ನೋಡಿದಳು. ಅಮರೇಶರ ಹಳದಿ ಟೊಪ್ಪಿಗೆ ಅಲ್ಲೇ ಇತ್ತು. ಒಳಗೆ ನಾನು ಮಾರ್ಕರ್ ಪೆನ್ನಿನಲ್ಲಿ ಬರೆದ ಹೆಸರು ಅಳಿಸಿರಲಿಲ್ಲ.

ಅವರು ತಿಪ್ಪಣ್ಣನನ್ನು ಕರೆದುಕೊಂಡು ಬರುತ್ತಿದ್ದರು. ಇಬ್ಬರ ನಡುವೆ ಒಂದು ಚೌಕದಷ್ಟು ಜಾಗವೂ ಇರಲಿಲ್ಲ.

ದುರುಗವ್ವ ಗುಂಡಿಯೊಳಗಿಂದ ತಲೆ ಎತ್ತಿ ನಮ್ಮೆಲ್ಲರನ್ನೂ ಒಮ್ಮೆ ನೋಡಿದಳು.

“ಎಷ್ಟು ಮಂದಿ ನಿಂತಿದ್ರಿ ಇವರ ಮ್ಯಾಲ?”

ಬೂದಿಯಲ್ಲಿ ಕುರ್ಚಿ ಹಿಡಿದು ನಿಂತಿದ್ದ ಎಸ್‌ಪಿ ತಮ್ಮ ಟೋಪಿ ತೆಗೆದರು. 

“ನಾನೂ ನಿಂತಿದ್ದೆ,” ಎಂದೆ.  ನಾನೂ ಗುಂಡಿಗೆ ಇಳಿದೆ.

*

ವಿಚಾರಣೆ ಒಂದು ತಿಂಗಳ ಬಳಿಕ ನಡೆಯಿತು. ನನ್ನನ್ನು ಕೆಲಸದಿಂದ ತೆಗೆದಿದ್ದರು. ಕಚೇರಿಯ ಜಗಲಿಯ ಮೇಲೆ ಕಾಲಿಡಲು ಜಾಗ ಇರಲಿಲ್ಲ. ಎಲ್ಲೆಲ್ಲಿಂದಲೋ ಜನ ಬಂದಿದ್ದರು. ಕೆಲವರ ಕೈಯಲ್ಲಿ ಸುರುಳಿ ಸುತ್ತಿದ ನಕ್ಷೆ, ಕೆಲವರ ಕೈಯಲ್ಲಿ ಕಟ್ಟು ಸಮೇತ, ಒಣಗಿದ ಹಾರ ಸಮೇತ. ಒಬ್ಬ ಮುದುಕಿ ನನ್ನನ್ನು ಹಿಡಿದು ನಿಲ್ಲಿಸಿ ತನ್ನ ನಕ್ಷೆಯ ಮೇಲೆ ಬೆರಳಿಟ್ಟಳು.

“ಇದೇನವ್ವ, ಇಲ್ಲಿ ಇಷ್ಟು ದಟ್ಟ ಹಸರು ಯಾಕ ಅದ?”

ಅಲ್ಲಿ ಏನಿತ್ತು ಎಂದು ಕೇಳಿದೆ. ಶಾಮಿಯಾನ ಇತ್ತಂತೆ ಎಂದಳು.

ಒಳಗೆ ಒಂದು ಉದ್ದನೆಯ ಮೇಜು. ಅದರ ಹಿಂದೆ ಮೂವರು ಅಧಿಕಾರಿಗಳು. ಮುಚ್ಚಿದ ಕಡತವನ್ನು ಏಕೆ ತೆರೆದಿರಿ ಎಂದು ನನ್ನನ್ನು ಕೇಳಿದರು.

“ಹುಡುಕದೆ ಮುಚ್ಚಿದ್ದರಿಂದ.”

“ಯಂತ್ರ ನಿಮ್ಮದೇ ಅಲ್ಲವೇ?”

“ನನ್ನದೇ. ತಪ್ಪೂ ನನ್ನದೇ. ಅದಕ್ಕೇ ಇಡೀ ರಾಜ್ಯದ ನಕ್ಷೆಗಳಲ್ಲಿ ಅತ್ಯಂತ ಕಡು ಹಸಿರಾದ ಚೌಕಗಳ ಪಟ್ಟಿ ತಂದಿದ್ದೇನೆ. ಅಲ್ಲಿಂದ ಶುರು ಮಾಡಿ.” ಪಟ್ಟಿಯನ್ನು ಮೇಜಿನ ಮೇಲಿಟ್ಟೆ. ಅತ್ತೆ ಇಳಿಸಿಕೊಟ್ಟ ನಕ್ಷೆಯನ್ನೂ ಇಟ್ಟೆ. ಅದರ ಗಾಜಿನ ಮೇಲೆ ಹಿಟ್ಟಿನ ಬೆರಳಚ್ಚು ಇನ್ನೂ ಇತ್ತು.

ಎಸ್‌ಪಿ ಚಿನ್ನಸ್ವಾಮಿ ಲಿಖಿತ ಹೇಳಿಕೆ ಕಳಿಸಿದ್ದರು. ಒಂದೇ ಸಾಲು. ಎದ್ದೇಳಿ ಎಂದರು, ಎದ್ದೆ.

ಕೊನೆಗೆ ಹುಸೇನಸಾಬರನ್ನು ಕರೆದರು. ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಬಂದು ನಿಂತರು.

“ಮೇಲಧಿಕಾರಿಯನ್ನು ಕುರ್ಚಿಯಿಂದ ಎದ್ದೇಳಲು ಹೇಳಿದ್ದು ನಿಜವೇ?”

“ಹೌದ್ರಿ.”

“ಯಾರ ಆದೇಶದ ಮೇಲೆ?”

“ಪಾಠದಾಗ ಹಾಂಗೇ ಅದ್ರಿ. ಸುತ್ತಬ್ಯಾಡ್ರಿ, ಸರಿಸ್ರಿ ಅಂತ. ಬೋರ್ಡಿನ ಮ್ಯಾಲ ಬರದು ಕೆಳಗ ಗೆರಿ ಹೊಡದಿದ್ರು.”

“ಶಿಸ್ತು ಎಂಬುದೊಂದು ಇದೆ, ಗೊತ್ತೇ?” ನಡುವಿನ ಅಧಿಕಾರಿ ಧ್ವನಿ ಎತ್ತಿದರು. “ಮಾತಾಡುವಾಗ ತಲೆ ತಗ್ಗಿಸಿ ಮಾತಾಡಿ.”

ಹುಸೇನಸಾಬ್ ಆ ಅಧಿಕಾರಿಯನ್ನೇ ನೋಡುತ್ತ ನಿಂತರು.

“ತಗ್ಗಿಸ್ತೀನ್ರಿ,” ಎಂದರು. “ನಿಮ್ಮ ಕುರ್ಚಿ ಕೆಳಗ ನೋಡಬೇಕಾದ್ರ. ಆವಾಗ ನೀವೂ ಏಳಬೇಕಾಗ್ತದ್ರಿ.”